ದಾರಿ ಕೇಳುವ ಕರೆ, ಅಂಕಿ ಕೇಳುವ ಕರೆ

ದೀಪಾವಳಿಗೆ ಇನ್ನು ಐದು ದಿನ ಇತ್ತು. ವಿಜಯಪುರದ ಸೋಲಾಪುರ ರಸ್ತೆಯಿಂದ ಒಳಗೆ, ಹೊಸ ಲೇಔಟಿನಲ್ಲಿರುವ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿಯ ಮನೆಯಲ್ಲಿ ಸುಣ್ಣಬಣ್ಣ ನಡೆದಿತ್ತು. ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿ, ಅಳಿಯ ಬರುವವನಿದ್ದ. ಅವನಿಗೆ ಅಂಗಿ ಪ್ಯಾಂಟು, ಮಗಳಿಗೆ ಸೀರೆ, ಹಾಸಿಗೆಗೆ ಹೊಸ ಚಾದರ ಎಲ್ಲವನ್ನೂ ವೈನಿ ಮೊಬೈಲಿನಲ್ಲೇ ತರಿಸಿದ್ದರು. ಮಧ್ಯಾಹ್ನ ಒಂದು ಕರೆ ಬಂತು.

"ಅಕ್ಕಾರ, ನಿಮ್ಮ ಪಾರ್ಸಲ್ ಬಂದದ್ರಿ. ಅಡ್ರೆಸ್ ಬರಾಬರ್ ಇಲ್ಲ. ಎರಡ್ ಸಲ ಬಂದು ಹೊಳ್ಳಿ ಹೋಗೀನಿ. ಒಂದ್ ಲಿಂಕ್ ಕಳಸ್ತೀನ್ರಿ, ಅದರಾಗ ಅಡ್ರೆಸ್ ಹಾಕಿ ಐದು ರೂಪಾಯಿ ಕಟ್ಟಿಬಿಡ್ರಿ. ಸಂಜಿಕಿ ತಂದು ಕೊಡ್ತೀನಿ."

ಲಿಂಕ್ ಬಂತು. ಪುಟ ಕೊರಿಯರ್ ಕಂಪನಿಯದೇ ಎನ್ನುವಂತಿತ್ತು. ಕಾರ್ಡಿನ ಅಂಕಿ ಹಾಕಿದರು, ಒಟಿಪಿ ಬಂತು, ಅದನ್ನೂ ಹಾಕಿದರು. ಹತ್ತು ನಿಮಿಷದಲ್ಲಿ ಎರಡು ಸಲಕ್ಕೆ 38,400 ರೂಪಾಯಿ ಹೋಗಿತ್ತು. ಅಳಿಯನಿಗೆ ಉಂಗುರ ಮಾಡಿಸಲೆಂದು ಇಟ್ಟ ಹಣ ಅದು. ವೈನಿ ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಮೂರನೆಯ ದಿನ ನಾನು ಹೋದಾಗ, ಕರಜಿಕಾಯಿ ತುಂಬುತ್ತ ಕೂತವರು ಸುಮ್ಮನೆ ಅಳತೊಡಗಿದರು. ಆ ಎರಡು ದಿನಗಳ ಮೌನದ ಬೆಲೆ ಎಷ್ಟು ಎಂಬುದನ್ನು ಮುಂದೆ ಬರೆಯುತ್ತೇನೆ. ಅದಕ್ಕೂ ಮೊದಲು, ಮೂವತ್ತು ವರ್ಷ ಮನೆಯ ಲೆಕ್ಕಪತ್ರ ಒಂದು ಪೈಸೆ ತಪ್ಪದಂತೆ ನೋಡಿಕೊಂಡ ಹೆಣ್ಣುಮಗಳು ಈ ಕರೆಯನ್ನು ಯಾಕೆ ನಂಬಿದರು ಎಂದು ಕೇಳಬೇಕು.

ಅವರು ನಂಬಲು ಕಾರಣವಿತ್ತು. ಪಾರ್ಸಲ್ ನಿಜವಾಗಿಯೂ ಬರಬೇಕಿತ್ತು. ವಿಳಾಸ ನಿಜವಾಗಿಯೂ ಬರಾಬರ್ ಇರಲಿಲ್ಲ. ಕರೆ ಮಾಡಿದವನು ನಮ್ಮ ಮಾತಿನಲ್ಲೇ ಮಾತಾಡಿದ. ಈ ಮೂರರಲ್ಲಿ ಎರಡನೆಯದೇ ನಮ್ಮ ಊರುಗಳ ಮಟ್ಟಿಗೆ ದೊಡ್ಡದು ಎಂದು ನನ್ನ ಅಭಿಪ್ರಾಯ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ನಮ್ಮ ವಿಳಾಸಗಳು ಕಾಗದದ ಮೇಲಿಲ್ಲ, ಬಾಯಲ್ಲಿವೆ. ವಿಜಯಪುರದ ಹೊಸ ಲೇಔಟುಗಳಲ್ಲಿ ಪ್ಲಾಟ್ ನಂಬರ್ ಒಂದು, ಮನೆ ಕಟ್ಟಿದ ಮೇಲಿನ ನಂಬರ್ ಇನ್ನೊಂದು. ಬೆಳಗಾವಿಯ ಹಳೆಯ ಪೇಟೆಯ ಗಲ್ಲಿಗಳಲ್ಲಿ ಮನೆಯ ಗುರುತು ಎಂದರೆ ಕೆಳಗಿರುವ ಅಂಗಡಿಯ ಹೆಸರು. ಬಾಗಲಕೋಟೆಯ ಕಥೆ ಇನ್ನೂ ಬೇರೆ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಊರಿನ ಅರ್ಧ ಬದುಕು ನವನಗರಕ್ಕೆ ಎದ್ದು ಹೋಯಿತು. ಸೆಕ್ಟರ್ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ನಗರ ಅದು, ಆದರೂ ಜನ ವಿಳಾಸ ಹೇಳುವಾಗ ಸೆಕ್ಟರಿನ ನಂತರ "ನೀರಿನ ಟಾಕಿ ಎದುರಿಗೆ" ಎಂದೇ ಸೇರಿಸುತ್ತಾರೆ. ಹಳ್ಳಿಗಳಲ್ಲಂತೂ ಹನುಮಪ್ಪನ ಗುಡಿ, ಅಗಸಿ, ಸೊಸೈಟಿ, ಇವೇ ವಿಳಾಸ. ಡೆಲಿವರಿ ಹುಡುಗ ಕರೆ ಮಾಡಲೇಬೇಕು. "ಮನಿ ಎಲ್ಲಿ ಬರ್ತದ್ರಿ?" ಎಂದು ಕೇಳದೆ ಇಲ್ಲಿ ಒಂದು ಡಬ್ಬಿಯೂ ಮನೆ ಮುಟ್ಟುವುದಿಲ್ಲ.

ಹೀಗಾಗಿ ಹಬ್ಬದ ದಿನಗಳಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬರುವುದು, ನಾವು ಎತ್ತಿ ದಾರಿ ಹೇಳುವುದು ರೂಢಿಯಾಗಿದೆ. "ಗೊತ್ತಿಲ್ಲದ ನಂಬರ್ ಎತ್ತಬೇಡಿ" ಎಂಬ ಸಲಹೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ನಡೆಯಬಹುದು, ಅಲ್ಲಿ ಗೇಟಿನ ಕಾವಲುಗಾರ ಪಾರ್ಸಲ್ ಇಳಿಸಿಕೊಳ್ಳುತ್ತಾನೆ. ನಮ್ಮ ಇಂಡಿ, ಮುದ್ದೇಬಿಹಾಳ, ಹುನಗುಂದದಂಥ ಊರುಗಳಲ್ಲಿ ಕರೆ ಎತ್ತದಿದ್ದರೆ ಪಾರ್ಸಲ್ ಹೊಳ್ಳಿ ಹೋಗುತ್ತದೆ. ಆ ಸಲಹೆಯಿಂದ ನಮಗೆ ಉಪಯೋಗವಿಲ್ಲ. ನಮಗೆ ಬೇಕಾದದ್ದು, ಎತ್ತಿದ ಮೇಲೆ ನಿಜವಾದ ಹುಡುಗ ಯಾರು, ಕಳ್ಳ ಯಾರು ಎಂದು ತಿಳಿಯುವ ಬಗೆ.

ಆ ವ್ಯತ್ಯಾಸ ಕಷ್ಟದ್ದಲ್ಲ. ನಿಜವಾದ ಹುಡುಗ ದಾರಿ ಕೇಳುತ್ತಾನೆ. ಕಳ್ಳ ಅಂಕಿ ಕೇಳುತ್ತಾನೆ: ಕಾರ್ಡಿನ ಅಂಕಿ, ಒಟಿಪಿ, ಯುಪಿಐ ಪಿನ್, ಇಲ್ಲವೆ ಏನೋ ಒಂದು ನಂಬರ್ ಒತ್ತಿರಿ ಎನ್ನುತ್ತಾನೆ. ವಿಳಾಸ ಸಿಗದವನಿಗೆ ಐದು ರೂಪಾಯಿಯಿಂದ ವಿಳಾಸ ಸಿಗುವುದಿಲ್ಲ. ಆ ಐದು ರೂಪಾಯಿ ಬರೀ ನೆಪ. ಮೊತ್ತ ಸಣ್ಣದಿದ್ದರೆ ನಾವು ಯೋಚಿಸುವುದಿಲ್ಲ ಎಂದು ಅವನಿಗೆ ಗೊತ್ತು. ಅವನಿಗೆ ಬೇಕಾದದ್ದು ಆ ಪುಟದಲ್ಲಿ ನಾವು ಹಾಕುವ ಕಾರ್ಡಿನ ವಿವರ.

ಇದೇ ಆಟ ಅಂಚೆ ಇಲಾಖೆಯ ಹೆಸರಿನಲ್ಲೂ ನಡೆಯುತ್ತದೆ. "ನಿಮ್ಮ ಪಾರ್ಸಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣವಾಗಿದೆ, ಇಷ್ಟು ಗಂಟೆಯೊಳಗೆ ಸರಿಪಡಿಸಿ" ಎಂಬ ಸಂದೇಶ 2024ರಲ್ಲಿ ದೇಶದ ತುಂಬ ಹರಿದಾಡಿದಾಗ, ಅದು ನಕಲಿ, ಅಂಚೆ ಇಲಾಖೆ ಹೀಗೆ ಲಿಂಕ್ ಕಳಿಸಿ ವಿಳಾಸ ಕೇಳುವುದಿಲ್ಲ ಎಂದು ಕೇಂದ್ರ ಸರಕಾರದ ವಾರ್ತಾ ಸಂಸ್ಥೆ ಪಿಐಬಿ ಸ್ಪಷ್ಟಪಡಿಸಿತ್ತು. ಸ್ಪೀಡ್ ಪೋಸ್ಟಿನ ಪತ್ತೆಸಂಖ್ಯೆಗೆ ಒಂದು ರೂಪವಿದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಭಾರತದ ಗುರುತಾದ ಐ ಮತ್ತು ಎನ್, ಒಟ್ಟು 13. ಆ ಸಂಖ್ಯೆ ಕೇಳಿ, ಅಂಚೆ ಇಲಾಖೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಸಂಖ್ಯೆ ಕೊಡಲು ತಡವರಿಸಿದರೆ ಅಲ್ಲಿಗೆ ಕರೆ ಮುಗಿಸಿ.

ಮೊಬೈಲಿಗೆ ಬರುವ ಕಂಪನಿಗಳ ಎಸ್‌ಎಂಎಸ್ ಗುರುತಿಸಲು ಈಗ ಇನ್ನೊಂದು ಸಹಾಯ ಬಂದಿದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮದಂತೆ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರ ಇರಬೇಕು: ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ, ಸರಕಾರಕ್ಕೆ ಜಿ. ಹತ್ತಂಕಿಯ ಮೊಬೈಲ್ ನಂಬರಿನಿಂದಲೋ ಹೊರದೇಶದ ನಂಬರಿನಿಂದಲೋ ಬಂದ "ಪಾರ್ಸಲ್ ನಿಂತಿದೆ" ಸಂದೇಶವನ್ನು ತೆರೆಯದೆ ಅಳಿಸಿದರೆ ಏನೂ ಕೆಡುವುದಿಲ್ಲ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ ಈಗ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸ ಕೊಟ್ಟಿದೆ. ಬೇರೆ ಬಾಲ ಇರುವ "ಬ್ಯಾಂಕ್" ಪುಟದಲ್ಲಿ ಏನನ್ನೂ ತುಂಬಬೇಡಿ.

ಇನ್ನೊಂದು ಬಗೆಯ ಕರೆ ಇದೆ. ಅದರಲ್ಲಿ ಹಣದ ಮಾತೇ ಬರುವುದಿಲ್ಲ. ಹೀಗಾಗಿ ಅದು ಹೆಚ್ಚು ಅಪಾಯದ್ದು. "ಡೆಲಿವರಿ ಹುಡುಗನ ನಂಬರ್ ಕೊಡ್ತೀನ್ರಿ, *21* ಒತ್ತಿ ಆ ನಂಬರ್ ಹಾಕಿ ಕೊನಿಗೆ # ಒತ್ತಿಬಿಡ್ರಿ, ಅವಗ ಸೀದಾ ಹತ್ತತದ" ಎನ್ನುತ್ತಾನೆ. ನೀವು ಒತ್ತಿದ್ದು ಹುಡುಗನಿಗೆ ಕರೆಯಲ್ಲ. ನಿಮ್ಮ ಮೊಬೈಲಿಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗಲಿ ಎಂಬ ಆಜ್ಞೆ. ಆಮೇಲೆ ಬ್ಯಾಂಕಿನಿಂದ ಕರೆಯ ಮೂಲಕ ಬರುವ ಒಟಿಪಿ ಅವನಿಗೆ ಹೋಗುತ್ತದೆ, ವಾಟ್ಸಾಪ್ ದೃಢೀಕರಣದ ಕರೆಯೂ ಅವನಿಗೇ ಹೋಗುತ್ತದೆ. ನಿಮ್ಮ ವಾಟ್ಸಾಪ್ ಅವನ ಕೈಗೆ ಸಿಕ್ಕರೆ, ಅರ್ಧ ಗಂಟೆಯಲ್ಲಿ ನಿಮ್ಮ ಬೀಗರಿಗೆಲ್ಲ "ಸ್ವಲ್ಪ ಅಡಚಣಿ ಅದ, ಹತ್ತು ಸಾವಿರ ಹಾಕ್ರಿ" ಎಂಬ ಸಂದೇಶ ನಿಮ್ಮ ಹೆಸರಿನಲ್ಲಿ ಹೋಗಿರುತ್ತದೆ. *401# ಮೂಲಕ ನಡೆಯುತ್ತಿದ್ದ ಇದೇ ಬಗೆಯ ವಂಚನೆ ತಡೆಯಲು ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ಸೌಲಭ್ಯ ನಿಲ್ಲಿಸುವಂತೆ ಮೊಬೈಲ್ ಕಂಪನಿಗಳಿಗೆ ಹೇಳಿತ್ತು. ಆದರೂ ಬೇರೆ ಬೇರೆ ಕೋಡು ಹೇಳುವ ಕರೆಗಳು ನಿಂತಿಲ್ಲ. ಸಂಶಯ ಬಂದರೆ *#21# ಒತ್ತಿ ನೋಡಿ, ತಿರುಗಿಸಿದ್ದರೆ ಪರದೆಯ ಮೇಲೆ ಕಾಣುತ್ತದೆ. ##002# ಒತ್ತಿದರೆ ಎಲ್ಲವೂ ರದ್ದಾಗುತ್ತದೆ. ಈ ಎರಡನ್ನೂ ಮನೆಯ ಹಿರಿಯರ ಮೊಬೈಲಿನಲ್ಲಿ ಈ ವಾರವೇ ಒತ್ತಿ ನೋಡಿ.

ಒಟಿಪಿಯ ಬಗ್ಗೆ ಜನರಿಗೆ ಗೊಂದಲ ಇರುವುದು ಸಹಜ. "ಒಟಿಪಿ ಯಾರಿಗೂ ಹೇಳಬೇಡಿ" ಎಂದು ಬ್ಯಾಂಕ್ ಹೇಳುತ್ತದೆ, "ಒಟಿಪಿ ಹೇಳ್ರಿ" ಎಂದು ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಾನೆ. ಇಬ್ಬರೂ ಸರಿ. ಬೆಲೆಬಾಳುವ ವಸ್ತುಗಳಿಗೆ ಶಾಪಿಂಗ್ ಕಂಪನಿಗಳು ಕಳಿಸುವ ಒಟಿಪಿ ವಸ್ತು ಕೈಗೆ ಸಿಕ್ಕಿತು ಎಂಬುದರ ರಸೀದಿ ಇದ್ದಂತೆ. ವಸ್ತು ಕೈಗೆ ಬರುವ ಮೊದಲು ರಸೀದಿಗೆ ಸಹಿ ಹಾಕುವವರು ಯಾರೂ ಇಲ್ಲ. ಪಾರ್ಸಲ್ ಕಣ್ಣೆದುರು ಇರಲಿ, ಮೇಲಿನ ಹೆಸರು ಓದಿ, ಆಮೇಲೆ ಒಟಿಪಿ ಹೇಳಿ. ಸಂದೇಶವನ್ನು ಪೂರ್ತಿ ಓದಿಯೇ ಹೇಳಿ. ಅದರಲ್ಲಿ ರೂಪಾಯಿ ಮೊತ್ತ, ಬ್ಯಾಂಕಿನ ಹೆಸರು ಇದ್ದರೆ ಅದು ಡೆಲಿವರಿಯ ಒಟಿಪಿ ಅಲ್ಲ.

"ಅಕ್ಕಾರ, ಇವತ್ತ ಬರಾಕ ಆಗಂಗಿಲ್ಲ, ನಾಳೆ ಮುಂಜಾನೆ ತಪ್ಪದ ತಂದು ಕೊಡ್ತೀನಿ, ಒಟಿಪಿ ಈಗ ಹೇಳಿಬಿಡ್ರಿ, ಸಿಸ್ಟಮ್‌ನ್ಯಾಗ ಕ್ಲಿಯರ್ ಮಾಡ್ಬೇಕು" ಎಂದು ಕೆಲವರು ಕೇಳುತ್ತಾರೆ. ಅವರಲ್ಲಿ ಪ್ರಾಮಾಣಿಕರೂ ಇರುತ್ತಾರೆ. ದಿನಕ್ಕೆ ಇಷ್ಟು ಡೆಲಿವರಿ ಮುಗಿಸಬೇಕೆಂಬ ಒತ್ತಡ ಆ ಹುಡುಗರ ಮೇಲಿದೆ, ಅದು ನನಗೆ ಗೊತ್ತು. ಆದರೆ ಒಟಿಪಿ ಹೇಳಿದ ಕ್ಷಣದಿಂದ ಕಂಪನಿಯ ದಾಖಲೆಯಲ್ಲಿ ವಸ್ತು ನಿಮ್ಮ ಕೈಯಲ್ಲಿದೆ. ನಾಳೆ ಅವನು ಬಾರದಿದ್ದರೆ ನಿಮ್ಮ ದೂರಿಗೆ ಆಧಾರವೇ ಇರುವುದಿಲ್ಲ.

ಪಾರ್ಸಲ್ ಕಳ್ಳತನ ಎಂದರೆ ಅಮೆರಿಕದಲ್ಲಿ ಬೇರೆಯೇ ಚಿತ್ರ. ಅಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್‌ಮಸ್‌ವರೆಗೆ ಖರೀದಿಯ ಸುಗ್ಗಿ. ಡಬ್ಬಿಯನ್ನು ಮನೆಯ ಮುಂದಿಟ್ಟು, ಫೋಟೊ ತೆಗೆದು ಹೋಗುವುದು ರೂಢಿ. ಮನೆಯವರು ಕೆಲಸಕ್ಕೆ ಹೋಗಿರುತ್ತಾರೆ, ಕಳ್ಳರು ಬೀದಿಯಲ್ಲಿ ಓಡಾಡುತ್ತ ಡಬ್ಬಿ ಎತ್ತಿಕೊಂಡು ಹೋಗುತ್ತಾರೆ. ಅಂಥವರಿಗೆ 'ಪೋರ್ಚ್ ಪೈರೇಟ್' ಎಂಬ ಹೆಸರೇ ಬಿದ್ದಿದೆ, ಕಟ್ಟೆಗಳ್ಳ ಎನ್ನಬಹುದು. ನಮ್ಮಲ್ಲಿ ಮನೆ ಅಷ್ಟಾಗಿ ಖಾಲಿ ಇರುವುದಿಲ್ಲ. ಕಟ್ಟೆಯ ಮೇಲೆ ಆಯಿ ಕೂತಿರುತ್ತಾಳೆ, ಎದುರು ಮನೆಯವರ ಕಣ್ಣಿರುತ್ತದೆ, ಹೆಚ್ಚಿನ ಪಾರ್ಸಲ್ ಕೈಯಿಂದ ಕೈಗೇ ಹೋಗುತ್ತದೆ. ಕಟ್ಟೆಯಿಂದ ಡಬ್ಬಿ ಎತ್ತುವುದು ಇಲ್ಲಿ ಕಷ್ಟ. ಹಾಗಾಗಿ ಇಲ್ಲಿನ ಕಳ್ಳತನ ಡಬ್ಬಿಯ ಒಳಗೆ ನಡೆಯುತ್ತದೆ, ಇಲ್ಲವೆ ಆ ಆಯಿಯ ಮೂಲಕವೇ ನಡೆಯುತ್ತದೆ.

ಡಬ್ಬಿಯ ಒಳಗೆ ಎಂದರೆ, ಮೊಬೈಲ್ ತರಿಸಿದರೆ ಸಾಬೂನು, ಕಲ್ಲು, ಹಳೆಯ ಚಾರ್ಜರ್. ದಾರಿಯಲ್ಲಿ ಎಲ್ಲೋ ಟೇಪ್ ಬಿಚ್ಚಿ ಮತ್ತೆ ಹಚ್ಚಿರುತ್ತಾರೆ. ಇದಕ್ಕೆ ಗಟ್ಟಿ ಸಾಕ್ಷಿ ಎಂದರೆ ಡಬ್ಬಿ ಒಡೆಯುವ ವಿಡಿಯೊ. ವಿಳಾಸದ ಚೀಟಿ, ಆರೂ ಮಗ್ಗುಲಿನ ಟೇಪ್, ಒಡೆಯುವುದು, ಒಳಗಿನ ವಸ್ತು, ಅದರ ಸೀರಿಯಲ್ ನಂಬರ್ ಎಲ್ಲವೂ ನಡುವೆ ಕತ್ತರಿಸದ ಒಂದೇ ವಿಡಿಯೊದಲ್ಲಿ ಇರಲಿ. ಮೊಬೈಲು, ಲ್ಯಾಪ್‌ಟಾಪ್, ಟಿವಿಗೆ ಹುಡುಗನ ಎದುರೇ ಡಬ್ಬಿ ತೆರೆದು ತೋರಿಸುವ ಡೆಲಿವರಿ ಸಿಕ್ಕರೆ ಅದನ್ನೇ ಆರಿಸಿ, ನೋಡಿದ ಮೇಲೆ ಒಟಿಪಿ ಕೊಡಿ. ಟೇಪ್ ಹರಿದಿದ್ದರೆ, ತೂಕ ಹಗುರ ಎನಿಸಿದರೆ ತೆಗೆದುಕೊಳ್ಳಲೇಬೇಡಿ.

ಇನ್ನು ಆಯಿಯ ಮೂಲಕ. ಹಬ್ಬದ ವಾರ ಮಧ್ಯಾಹ್ನ ಹನ್ನೆರಡಕ್ಕೆ ಗಾಡಿ ಬಂದು ನಿಲ್ಲುತ್ತದೆ. "ಆಯೀ, ನಿಮ್ಮ ಮಗ ತರಿಸ್ಯಾರಿ, 599 ರೂಪಾಯಿ ಕೊಡ್ರಿ." ಮಗನ ಹೆಸರು ಸರಿ ಇರುತ್ತದೆ, ಮೊಬೈಲ್ ನಂಬರೂ ಸರಿ ಇರುತ್ತದೆ. ಆಯಿ ಸೀರೆಯ ಗಂಟಿನಿಂದ ಹಣ ಬಿಚ್ಚಿ ಕೊಡುತ್ತಾಳೆ. ಸಂಜೆ ಮಗ ಬಂದು ನೋಡಿದರೆ ಅವನು ಏನೂ ತರಿಸಿರಲಿಲ್ಲ, ಒಳಗೆ ಐವತ್ತು ರೂಪಾಯಿಯ ಪ್ಲಾಸ್ಟಿಕ್ ಸಾಮಾನು. ಹುಡುಗನಿಗೂ ಇದು ಗೊತ್ತಿರುವುದಿಲ್ಲ ಅನೇಕ ಸಲ, ಅವನು ಬರೀ ತಂದುಕೊಟ್ಟವನು. ಹೆಸರು ನಂಬರು ಎಲ್ಲಿಂದ ಸಿಕ್ಕಿತು? ನಾವು ಕಸಕ್ಕೆ ಎಸೆದ ಹಳೆಯ ಡಬ್ಬಿಯ ಚೀಟಿಯೂ ಒಂದು ದಾರಿ. ಚೀಟಿ ಹರಿದು ಎಸೆಯಿರಿ. ಪಾರ್ಸಲ್ ತರಿಸಿದವರು ಬೆಳಿಗ್ಗೆ ಹೊರಡುವಾಗ ಮನೆಯಲ್ಲಿ ಹೇಳಿ ಹೋಗಲಿ, ಹೇಳದ್ದಕ್ಕೆ ಹಣ ಕೊಡುವುದು ಬೇಡ. ಆದಷ್ಟು ಮೊದಲೇ ಹಣ ಕಟ್ಟಿದ್ದರೆ ಬಾಗಿಲಲ್ಲಿ ಹಣದ ಮಾತು ಬಂದ ಕೂಡಲೇ ಆಯಿಗೂ ಗೊತ್ತಾಗುತ್ತದೆ. ಆದರೆ ಇದಕ್ಕೊಂದು ತಿದ್ದುಪಡಿ ಬೇಕು: ಗೊತ್ತಿರುವ ಕಂಪನಿಗೆ ಮಾತ್ರ ಮುಂಗಡ.

ಯಾಕೆಂದರೆ ಗೊತ್ತಿಲ್ಲದ ಅಂಗಡಿಗಳ ಕಥೆ ನಮ್ಮ ಭಾಗಕ್ಕೆ ಎರಡು ಕಡೆಯಿಂದ ಹೊಡೆತ. ಹಬ್ಬ ಬಂತೆಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ತುಂಬ "ಅಪ್ಪಟ ಇಳಕಲ್ ಸೀರೆ 499ಕ್ಕೆ, ಇವತ್ತೇ ಕೊನೆ" ಎಂಬ ಜಾಹೀರಾತುಗಳು. ಇಳಕಲ್ ನಮ್ಮ ಬಾಗಲಕೋಟೆ ಜಿಲ್ಲೆಯ ಊರು, ಆ ಸೀರೆಯ ನೇಯ್ಗೆ ನಮಗೆ ಹೊಸದಲ್ಲ. ಸೀರೆಯ ಮೈಯ ಹಾಸಿನ (ಉದ್ದಕ್ಕೆ ಹೋಗುವ) ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಆ ಕಾರಣಕ್ಕೆ ಒಂದೊಂದು ಸೀರೆಗೂ ಬೇರೆ ಹಾಸು ಸಿದ್ಧಮಾಡಬೇಕು. ಕೆಂಪು ಸೆರಗಿನ ಮೇಲೆ ತೋಪು ತೆನಿ ಎಂಬ ಬಿಳಿಯ ವಿನ್ಯಾಸ ಎದ್ದು ಕಾಣುವುದು ಆ ದುಡಿಮೆಯಿಂದ. ಹಾಸು ಹಾಕುವುದರಿಂದ ನೇದು ಇಳಿಸುವವರೆಗಿನ ಮನೆಮಂದಿಯ ಕೂಲಿ ಲೆಕ್ಕ ಹಾಕಿದರೆ, 499ಕ್ಕೆ ಕೈಮಗ್ಗದ ಇಳಕಲ್ ಸೀರೆ ಬರಲು ಸಾಧ್ಯವೇ ಇಲ್ಲ. ಬರುವುದು ಪಾಲಿಯೆಸ್ಟರಿನ ಮೇಲೆ ಛಾಪಿಸಿದ ತೆನಿ, ಇಲ್ಲವೆ ಏನೂ ಬರುವುದಿಲ್ಲ. ಕೊಂಡವರ ಹಣ ಹೋಯಿತು, ನೇಕಾರನ ಹೆಸರೂ ಕೆಟ್ಟಿತು. ಗುಳೇದಗುಡ್ಡದ ರವಿಕೆ ಖಣಕ್ಕೂ ಇದೇ ಪಾಡು. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಇಂಥ ಪುಟಗಳನ್ನು ಗುರುತಿಸುವುದಕ್ಕೆ ಕಾನೂನೇ ಒಂದು ಅಳತೆಗೋಲು ಕೊಟ್ಟಿದೆ. 2020ರ ಜುಲೈ 23ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುವವರು ತಮ್ಮ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಸಂಪರ್ಕದ ವಿವರ, ದೂರು ಕೇಳುವ ಅಧಿಕಾರಿಯ ಹೆಸರು ತೋರಿಸಬೇಕು. ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ದೋಷವಿದ್ದ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ವಸ್ತುವನ್ನು ಹಿಂತಿರುಗಿ ತೆಗೆದುಕೊಳ್ಳುವುದಿಲ್ಲ ಎನ್ನುವ ಹಕ್ಕು ಮಾರುವವನಿಗಿಲ್ಲ. ಒಂದು ವಾಟ್ಸಾಪ್ ನಂಬರ್ ಬಿಟ್ಟು ಬೇರೇನೂ ತೋರಿಸದ ಪುಟಕ್ಕೆ ಮುಂಗಡ ಕಳಿಸಬೇಡಿ. "ಇನ್ನು ಎರಡೇ ಉಳಿದಿವೆ", ಕೆಳಗೆ ಓಡುವ ಗಡಿಯಾರ, ಇಂಥ ಹುಸಿ ಅವಸರವನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ, ಗ್ರಾಹಕರ ದಾರಿ ತಪ್ಪಿಸುವ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಸೇರಿಸಿದೆ. ದೊಡ್ಡ ಕಂಪನಿಯೇ ಮಾಡಿದರೂ ಅದು ತಪ್ಪು.

ಯುಪಿಐನಲ್ಲಿ ಕಳಿಸುವಾಗ ಪರದೆಯ ಮೇಲೆ ಕಾಣುವ ಹೆಸರು ಓದಿ. ಸೀರೆ ಅಂಗಡಿಗೆ ಕಳಿಸುವ ಹಣಕ್ಕೆ ಸಂಬಂಧವೇ ಇಲ್ಲದ ಯಾರದೋ ಹೆಸರು ಬಂದರೆ ಅಲ್ಲೇ ನಿಲ್ಲಿ.

ಹಣ ಮರಳಿ ಪಡೆಯುವ ಹಂತದಲ್ಲಿ ಎರಡನೆಯ ಸಲ ಮೋಸ ಹೋಗುವವರು ಬಹಳ. ತಪ್ಪು ವಸ್ತು ಬಂತು, ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುತ್ತೇವೆ. ಮೊದಲು ಸಿಗುವ ನಂಬರ್ ಕಳ್ಳನೇ ಹಾಕಿಟ್ಟದ್ದಾಗಿರಬಹುದು. ಅವನು ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ, ರೀಫಂಡಿಗೆ ಒಂದು ಕ್ಯೂಆರ್ ಕಳಿಸುತ್ತಾನೆ, ಇಲ್ಲವೆ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾನೆ, ಇಲ್ಲವೆ ಒತ್ತಿದರೆ ಮೊಬೈಲಿನಲ್ಲಿ ಆ್ಯಪ್ ಇಳಿಸುವ ಎಪಿಕೆ ಫೈಲ್ ಕಳಿಸುತ್ತಾನೆ. ಯುಪಿಐ 2016ರಲ್ಲಿ ಬಂದಾಗಿನಿಂದ ಬದಲಾಗದ ಒಂದು ಸಂಗತಿ ಇದೆ: ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ರೀಫಂಡ್ ಬರಲು ನೀವು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಹಾಕುವುದೂ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳಿಸುವ ಕೋರಿಕೆಗಳನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಈ ಮೋಸಕ್ಕಾಗಿಯೇ. ಕಂಪನಿಯ ನಂಬರ್ ಬೇಕಾದರೆ ನೀವು ಆರ್ಡರ್ ಮಾಡಿದ ಅದೇ ಆ್ಯಪಿನ ಒಳಗೆ ಹುಡುಕಿ.

ಪೇಟೆಗೆ ಹೋಗಿ ಕೊಳ್ಳುವವರಿಗೆ ಬೇರೆ ಎಚ್ಚರ. ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ, ಬೆಳಗಾವಿಯ ಗಣಪತ ಗಲ್ಲಿ, ಖಡೇಬಜಾರಿನ ಗದ್ದಲದಲ್ಲಿ ಮೊಬೈಲ್ ಹೋದರೆ ಬರೀ ಮೊಬೈಲ್ ಹೋಗುವುದಿಲ್ಲ, ಒಳಗಿನ ಸಿಮ್ ಜೊತೆ ಬ್ಯಾಂಕೂ ಹೋಗುತ್ತದೆ. ಮೊದಲು ಸಿಮ್ ನಿಲ್ಲಿಸಿ, ಆಮೇಲೆ ದೂರು ಕೊಟ್ಟು ಸಿಇಐಆರ್ ಎಂಬ ಸರಕಾರಿ ತಾಣದ ಮೂಲಕ ಫೋನ್ ಬ್ಲಾಕ್ ಮಾಡಿಸಿ. ಅಂಗಡಿಯವರು ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ಸೌಂಡ್‌ಬಾಕ್ಸ್ ಹೇಳುವವರೆಗೆ ಕಾಯಲಿ.

ಪಾರ್ಸಲ್ ಹೆಸರಿನ ಮೋಸಗಳಲ್ಲಿ ಒಂದು ಮಾತ್ರ ಹಬ್ಬಕ್ಕೂ ಖರೀದಿಗೂ ಮೀರಿದ್ದು. "ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ" ಎಂದು ಕೊರಿಯರಿನವನು ಶುರುಮಾಡುತ್ತಾನೆ, ಆಮೇಲೆ ಖಾಕಿ ಹಾಕಿದವನು ವಿಡಿಯೊದಲ್ಲಿ ಬರುತ್ತಾನೆ, "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕೋಣೆ ಬಿಟ್ಟು ಹೊರಗೆ ಬರಬೇಡಿ" ಎನ್ನುತ್ತಾನೆ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರೇ ರೇಡಿಯೊ ಭಾಷಣದಲ್ಲಿ ಇದನ್ನು ಹೇಳಿದರು. ಅಷ್ಟಾದರೂ 2025ರಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ ಇಂಥ ಬೆದರಿಕೆಗೆ ಸಿಕ್ಕಿ, ಹಣದ ಜೊತೆಗೆ ಜೀವವನ್ನೂ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರು ಪಕ್ಕದ ಮನೆಯ ಒಬ್ಬರಿಗೆ ಹೇಳಿದ್ದರೂ ಸಾಕಿತ್ತಲ್ಲ ಎಂದು ಇವತ್ತಿಗೂ ಅನಿಸುತ್ತದೆ.

ಹಿಂದೆ ಹಿಂದಿಯಲ್ಲಿ ಕರೆ ಬಂದರೆ ಜನ ಸಂಶಯ ಪಡುತ್ತಿದ್ದರು. ಈಗ ವೈನಿಗೆ ಬಂದಂತೆ ನಮ್ಮ ಮಾತಿನಲ್ಲೇ ಕರೆ ಬರುತ್ತದೆ. ಮೋಸದ ಕೇಂದ್ರಗಳು ದೂರದಲ್ಲೇ ಇರುತ್ತವೆ ಎಂಬುದೂ ಸುಳ್ಳು. 2025ರ ನವೆಂಬರಿನಲ್ಲಿ ಬೆಳಗಾವಿ ನಗರ ಪೊಲೀಸರು ನಗರದೊಳಗೇ ನಡೆಯುತ್ತಿದ್ದ ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅಲ್ಲಿಂದ ಕರೆ ಹೋಗುತ್ತಿದ್ದದ್ದು ಅಮೆರಿಕದವರಿಗೆ. ನಾವಿಲ್ಲಿ ಎಲ್ಲಿಂದಲೋ ಬಂದ ಕರೆಗೆ ಹೆದರುತ್ತಿದ್ದರೆ, ಅಲ್ಲಿ ಯಾವುದೋ ಊರಿನ ಅಜ್ಜಿ ಬೆಳಗಾವಿಯಿಂದ ಹೋದ ಕರೆಗೆ ಹೆದರಿ ಹಣ ಕಳಿಸುತ್ತಿದ್ದಳು.

ಈಗ ಆ ಎರಡು ದಿನಗಳ ಲೆಕ್ಕ.

ಹಣ ಹೋದ ಕೂಡಲೇ ಅದು ಕಳ್ಳನ ಜೇಬಿಗೆ ಹೋಗುವುದಿಲ್ಲ. ಮೊದಲು ಬೇರೆ ಯಾರದೋ ಹೆಸರಿನ ಬಾಡಿಗೆ ಖಾತೆಗೆ, ಅಲ್ಲಿಂದ ತುಂಡು ತುಂಡಾಗಿ ಬೇರೆ ನಾಲ್ಕಾರು ಖಾತೆಗಳಿಗೆ, ಕೊನೆಗೆ ಎಟಿಎಮ್ಮಿನಿಂದ ನಗದಾಗಿಯೋ ಬೇರೆ ರೂಪದಲ್ಲೋ ಹೊರಗೆ. ಈ ಓಟಕ್ಕೆ ಸ್ವಲ್ಪ ಸಮಯ ಬೇಕು, ನಮಗಿರುವ ಅವಕಾಶ ಅಷ್ಟೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಆ ಸರಪಳಿಯ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ, ಯಾವ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟು ತಡೆಯಲಾಗುತ್ತದೆ. ನಾವು 1930ಕ್ಕೆ ಕರೆ ಮಾಡಿದ್ದು ಮೂರನೆಯ ದಿನ. ಮೂರನೆಯ ಖಾತೆಯೊಂದರಲ್ಲಿ 3,200 ರೂಪಾಯಿ ಉಳಿದಿತ್ತು, ಅಷ್ಟು ತಡೆದರು. ಅದು ವೈನಿಯ ಖಾತೆಗೆ ಮರಳಲು ತಿಂಗಳುಗಳು ಹಿಡಿದವು. ಉಳಿದದ್ದು ಹೋಯಿತು. ಮೊದಲ ಗಂಟೆಯಲ್ಲೇ ಕರೆ ಮಾಡಿದ್ದರೆ ಹೆಚ್ಚು ಉಳಿಯುತ್ತಿತ್ತೇನೋ, ಆ ಪ್ರಶ್ನೆ ವೈನಿಯನ್ನು ಇನ್ನೂ ಬಿಟ್ಟಿಲ್ಲ.

ಬ್ಯಾಂಕಿನ ಮಟ್ಟದಲ್ಲೂ ಗಡುವುಗಳಿವೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಿಂದ ಬಂದ ನಿಯಮ ಹೀಗಿದೆ: ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಸೋರಿಕೆಯಾಗಿ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಯಾವ ಹೊರೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಹೊರೆಗೆ ಮಿತಿ ಇದೆ. ಆದರೆ ಒಟಿಪಿ, ಪಿನ್ ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ನಂತರವೂ ಹಣ ಹೋದರೆ ಅದು ಬ್ಯಾಂಕಿನದು. ವೈನಿಯ ಬ್ಯಾಂಕು ಇದನ್ನೇ ಹೇಳಿತು. ಕಾಗದದ ಪ್ರಕಾರ ಅದು ತಪ್ಪಲ್ಲ. ಆದರೆ ವೃತ್ತಿಪರ ಕಳ್ಳರು ಕೂತು ಹೆಣೆದ ಬಲೆಯಲ್ಲಿ ಒಟಿಪಿ ಹಾಕಿದ್ದನ್ನು ಬರೀ ಗ್ರಾಹಕರ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಎಂದೂ ಆನ್‌ಲೈನಿನಲ್ಲಿ ಎರಡು ಸಾವಿರ ದಾಟದ ಕಾರ್ಡಿನಿಂದ ಹತ್ತು ನಿಮಿಷದಲ್ಲಿ 38,400 ಹೋಗುವಾಗ ಒಮ್ಮೆ ತಡೆದು ಕೇಳುವ ಶಕ್ತಿ ಬ್ಯಾಂಕಿನ ಯಂತ್ರಗಳಿಗಿದೆ. ಅವು ಹಾಗೆ ಕೇಳುವವರೆಗೆ ನಾವೇ ಮಾಡಬಹುದಾದದ್ದು ಒಂದಿದೆ: ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಆನ್‌ಲೈನ್ ಮಿತಿಯನ್ನು ನಿಮ್ಮ ಖರೀದಿಗೆ ಬೇಕಾದಷ್ಟಕ್ಕೇ ಇಳಿಸಿ, ಬೇಡವಾದಾಗ ಬಂದ್ ಮಾಡಿಡಿ.

1930ರ ನಂತರ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ವಿವರ ತುಂಬಿ, ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಠಾಣೆಗೆ ಹೋಗಿ. ಕರೆಯ ನಂಬರ್, ಸಂದೇಶ, ಬ್ಯಾಂಕಿನ ವಿವರಪಟ್ಟಿ ಅಳಿಸದೆ ಒಯ್ಯಿರಿ. ಮೋಸವಲ್ಲದ, ಕಂಪನಿಯೇ ಸತಾಯಿಸುವ ಪ್ರಕರಣಕ್ಕೆ 1915 ಗ್ರಾಹಕ ಸಹಾಯವಾಣಿ ಇದೆ. ಅಲ್ಲೂ ಆಗದಿದ್ದರೆ ಇ-ಜಾಗೃತಿ ತಾಣದ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಂಪನಿ ಯಾವ ಊರಿನದಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಕಾಲೇಜಿಗೆ ಹೋಗುವ ಮಕ್ಕಳಿಗೆ ಒಂದು ಮಾತು. "ನಿನ್ನ ಖಾತೆ ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀವಿ" ಎನ್ನುವವರು ಸಿಗುತ್ತಾರೆ. ಆ ಬಾಡಿಗೆ ಖಾತೆಯ ಮೂಲಕವೇ ಯಾರದೋ ಮನೆಯ ಉಂಗುರದ ಹಣ ಹೋಗಿರುತ್ತದೆ. ಪೊಲೀಸರು ಮೊದಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನು.

ವಿಳಾಸದ ಮಾತಿಗೆ ಮರಳುತ್ತೇನೆ, ಏಕೆಂದರೆ ತಿದ್ದಲು ನಮ್ಮ ಕೈಯಲ್ಲೇ ಇರುವುದು ಅದು. ಪಿನ್‌ಕೋಡ್ 1972ರಲ್ಲೇ ಬಂತು, ಆದರೆ 586101 ಎಂದರೆ ವಿಜಯಪುರದ ಎಷ್ಟು ದೊಡ್ಡ ಭಾಗ! ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ಹತ್ತಕ್ಷರದ ಗುರುತು ತಂದಿದೆ. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸಿ ಒಂದೊಂದಕ್ಕೂ ಒಂದು ಗುರುತು ಕೊಟ್ಟಿದ್ದಾರೆ. ನಿಮ್ಮ ಬಾಗಿಲಿಗೂ ಒಂದಿದೆ. ಕೊರಿಯರಿನವರೆಲ್ಲ ಅದನ್ನು ಬಳಸುವ ದಿನ ಇನ್ನೂ ಬಂದಿಲ್ಲ. ಅಲ್ಲಿವರೆಗೆ ವಿಳಾಸದಲ್ಲಿ ಗುಡಿಯ ಹೆಸರು, ಗೇಟಿನ ಬಣ್ಣ, ಓಣಿಯ ಅಂಗಡಿಯ ಹೆಸರು ಎಲ್ಲವನ್ನೂ ಬರೆಯಿರಿ. ವಿಳಾಸ ಪೂರ್ತಿಯಾದಷ್ಟೂ "ಅಡ್ರೆಸ್ ಬರಾಬರ್ ಇಲ್ಲ" ಎಂಬ ಕರೆಯನ್ನು ನೀವು ನಂಬುವುದು ಕಡಿಮೆಯಾಗುತ್ತದೆ. ವೈನಿ ಈಗ ಓಣಿಯ ತಿರುವಿನ ಕಿರಾಣಿ ಅಂಗಡಿಯ ಹೆಸರನ್ನು ವಿಳಾಸದಲ್ಲಿ ಸೇರಿಸಿದ್ದಾರೆ.

ಅಂದಹಾಗೆ, ಅವರ ನಿಜವಾದ ಪಾರ್ಸಲ್ ಬಂದದ್ದು ನರಕ ಚತುರ್ದಶಿಯ ಹಿಂದಿನ ದಿನ. ಹುಡುಗ ನಾಲ್ಕು ಸಲ ಕರೆ ಮಾಡಿದ್ದ. ವೈನಿ ಒಂದನ್ನೂ ಎತ್ತಿರಲಿಲ್ಲ. ಅವನು ಹೊಳ್ಳಿ ಹೋಗದೆ ಅದೇ ಕಿರಾಣಿ ಅಂಗಡಿಯಲ್ಲಿ ಕೇಳಿಕೊಂಡು ಬಾಗಿಲಿಗೆ ಬಂದ. ಬೆವರಿದ್ದ, ಗಾಡಿಯ ಮೇಲೆ ಚೀಲ ತುಂಬ ಡಬ್ಬಿಗಳಿದ್ದವು. ವೈನಿ ಡಬ್ಬಿ ಕೈಗೆ ತೆಗೆದುಕೊಂಡು, ಹೆಸರು ಎರಡು ಸಲ ಓದಿ, ಸಂದೇಶ ಮೂರು ಸಲ ಓದಿ ಒಟಿಪಿ ಹೇಳಿದರು. ಅವನು ಸುಮ್ಮನೆ ನಿಂತು ಕಾಯ್ದ. ಚಹಾ ಕುಡಿದು ಹೋಗಪ್ಪಾ ಎಂದರೆ, "ಇನ್ನೂ ಮೂವತ್ತು ಅದಾವ್ರಿ ವೈನಿ, ಒಬ್ಬರೂ ಫೋನ್ ಎತ್ತವಲ್ಲರು" ಎಂದು ಗಾಡಿ ಹತ್ತಿದ.